ತಾನೇ ತಿರುಗಿ ಬರುವ ದೋಣಿ

"ಗುರುಗಳೇ, ಯಾರೂ ಇಲ್ಲದ ಕಡೆ ಇರುವುದಕ್ಕೂ ಇಲ್ಲಿ ಇರುವುದಕ್ಕೂ ನನಗೆ ಏನು ವ್ಯತ್ಯಾಸ?"

ಕೇಳಿದವನು ಮಠದ ತೋಟ ನೋಡಿಕೊಳ್ಳುತ್ತಿದ್ದ ಶಿಷ್ಯ. ಅವನು ಬಂದು ಹನ್ನೊಂದು ವರ್ಷವಾಗಿತ್ತು. ಬಟ್ಟೆಯ ಗಂಟು ಕಟ್ಟಿ ಬಾಗಿಲ ಹೊರಗೆ ಇಟ್ಟೇ ಒಳಗೆ ಬಂದಿದ್ದ.

"ಏನಾಯಿತು?" ಎಂದರು ಗುರುಗಳು.

"ಏನೂ ಆಗಲಿಲ್ಲ. ಅದಕ್ಕೇ ಬಂದೆ. ಹೋದ ವಾರ ಮೂರು ದಿನ ಜ್ವರದಲ್ಲಿ ಮಲಗಿದ್ದೆ. ಹೇಗಿದ್ದೀಯಪ್ಪಾ ಎಂದು ಒಬ್ಬರೂ ಬಾಗಿಲಿಗೆ ಬಂದು ಕೇಳಲಿಲ್ಲ. ನಾಲ್ಕನೆಯ ದಿನ ಎದ್ದು ತೋಟಕ್ಕೆ ಹೋದೆ. ನಾನು ದಿನಾ ನೀರು ಹಾಕುವ ಬಸಳೆ, ತೊಂಡೆ, ಮಲ್ಲಿಗೆ ಎಲ್ಲ ಇದ್ದ ಹಾಗೆಯೇ ಇದ್ದವು. ಒಂದು ಎಲೆಯೂ ಬಾಡಿರಲಿಲ್ಲ. ನನ್ನ ಕೈ ಇಲ್ಲದೆಯೂ ಅವು ಚೆನ್ನಾಗಿಯೇ ಇದ್ದವು. ಗಿಡಕ್ಕೂ ಬೇಡದವನು, ಜನಕ್ಕೂ ಬೇಡದವನು ಇಲ್ಲಿ ಯಾಕಿರಬೇಕು? ಗುಡ್ಡದ ಮೇಲಿನ ಗವಿಗೆ ಹೋಗುತ್ತೇನೆ. ಅಲ್ಲಿ ಯಾರೂ ಇಲ್ಲ ಎಂಬುದು ಮೊದಲೇ ಗೊತ್ತಿರುತ್ತದೆ. ಅಪ್ಪಣೆ ಕೊಡಿ."

ಗುರುಗಳು ಅಪ್ಪಣೆ ಕೊಡಲಿಲ್ಲ. ಹೋಗಬೇಡ ಎನ್ನಲೂ ಇಲ್ಲ.

"ಬಿಸಿಲು ಇಳಿಯಲಿ. ಅಲ್ಲಿಯವರೆಗೆ ಕೂತಿರು," ಎಂದರು. ಆಮೇಲೆ ಈ ಕತೆ ಹೇಳಿದರು.

ಕಡಲ ತೀರದ ಒಂದು ಊರಿನಲ್ಲಿ ಒಬ್ಬ ಬಡಗಿ ಇದ್ದ. ಬಾಗಿಲು, ಕಿಟಕಿ ಮಾಡುವ ಬಡಗಿಯಲ್ಲ, ಹಡಗು ಕಟ್ಟುವವನು. ಹೆಂಚು, ಉಪ್ಪು, ಅಕ್ಕಿ ಹೇರಿಕೊಂಡು ಗಾಳಿಯ ಬಲದಲ್ಲೇ ಬಂದರಿನಿಂದ ಬಂದರಿಗೆ ಹೋಗುವ ಹಾಯಿಹಡಗುಗಳು ಆಗ ಇದ್ದವು. ಆ ಕಡೆಯವರು ಅವನ್ನು ಮಂಜಿ ಎನ್ನುತ್ತಿದ್ದರು. ಅವನ ತಂದೆ ಮಂಜಿ ಕಟ್ಟಿದ್ದ, ಅವನೂ ಕಟ್ಟಿದ. ಆಮೇಲೆ ಯಂತ್ರದ ದೋಣಿಗಳು ಬಂದವು. ರಸ್ತೆ ಬಂತು, ರಸ್ತೆಯ ಹಿಂದೆಯೇ ಲಾರಿ ಬಂತು. ಮಂಜಿ ಕಟ್ಟಿಕೊಡು ಎಂದು ಕೇಳಿ ಬರುವವರು ನಿಂತುಹೋದರು. ಅದೇ ವರ್ಷ ಅವನ ಹೆಂಡತಿ ತೀರಿಕೊಂಡಳು. ಮಕ್ಕಳಿರಲಿಲ್ಲ.

ಅವನ ಮನೆ ಹೊಳೆಯ ಮೂಡುದಡದಲ್ಲಿತ್ತು. ಆ ಹೊಳೆ ಕಡಲಿನ ಹತ್ತಿರಕ್ಕೆ ಬಂದರೂ ಕೂಡಲೇ ಸೇರುವುದಿಲ್ಲ. ಕಡಲಿನ ಪಕ್ಕದಲ್ಲೇ ತೆಂಕಕ್ಕೆ ಸ್ವಲ್ಪ ದೂರ ಹೋಗಿ, ಅಳಿವೆಯಲ್ಲಿ ಸೇರುತ್ತದೆ. ಹೊಳೆಗೂ ಕಡಲಿಗೂ ನಡುವೆ ಉದ್ದನೆಯ ಮರಳದಿಬ್ಬ. ಬಡಗಿಯ ಮನೆಯ ಮುಂದೆ ಹೊಳೆ ಎಷ್ಟು ಅಗಲವೆಂದರೆ ಈ ದಡದ ಕೂಗು ಆ ದಡಕ್ಕೆ ಕೇಳುವುದಿಲ್ಲ. ಆಚೆಗೆ ನೋಡಿದರೆ ಕಾಣುವುದು ಕೇದಗೆಯ ಪೊದೆ. ಮಧ್ಯಾಹ್ನದ ಮೇಲೆ ಅದೂ ಕಾಣುವುದಿಲ್ಲ. ಸೂರ್ಯ ಆ ಕಡೆಗೆ ವಾಲಿದಾಗ ನೀರೆಲ್ಲ ಹೊಳೆದು ಕಣ್ಣು ಕುಕ್ಕುತ್ತದೆ. ತನ್ನ ಮನೆಯ ಎದುರಿಗೆ ಆಚೆ ದಡದಲ್ಲಿ ಜನವಿಲ್ಲ ಎಂದು ಬಡಗಿ ತಿಳಿದಿದ್ದ. ದಾಟಿ ಹೋಗಿ ನೋಡುವ ಕೆಲಸ ಅವನಿಗೆ ಎಂದೂ ಬಂದಿರಲಿಲ್ಲ.

ಹೆಂಡತಿ ಹೋದ ಮೇಲಿನ ಮೊದಲ ಚಳಿಗಾಲದಲ್ಲಿ ಅವನು ಒಂದು ಸಣ್ಣ ದೋಣಿ ಮಾಡಿದ. ಹಾಲೆಮರದ ತುಂಡೊಂದು ಹಿತ್ತಲಲ್ಲಿ ಬಿದ್ದಿತ್ತು. ಹಾಲೆ ಹಗುರ, ಉಳಿಗೆ ಮೆತ್ತಗೆ. ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದಕ್ಕೆ ಕತ್ತರಿಸಿ, ಹೊರಗೆ ಕೆತ್ತಿ, ಒಳಗೆ ತೋಡಿದ. ಆಕಾರ ಮಂಜಿಯದೇ. ತಳದ ಉದ್ದಕ್ಕೂ ಅಡಿಮರ ಕೂಡಿಸಿ, ಅದರ ಕೆಳಗೆ ಬಲೆಗೆ ಕಟ್ಟುವ ಸೀಸದ ಗುಂಡು ಕರಗಿಸಿ ಹೊಯ್ದ. ಆ ಭಾರವಿಲ್ಲದಿದ್ದರೆ ಗಾಳಿ ಬಂದಾಗ ದೋಣಿ ಮಗುಚುತ್ತದೆ. ಹಾಯಿ ಕಟ್ಟಲು ಬಿದಿರಿನ ಕೂವೆಮರ ನೆಟ್ಟ. ಹುಳ ಹಿಡಿಯದಂತೆ ಗೇರೆಣ್ಣೆ ಬಳಿದ. ಹಾಯಿಗೆ ಬಟ್ಟೆ ಬೇಕಾಯಿತು. ಹೆಂಡತಿಯ ಸೀರೆಗಳು ಪೆಟ್ಟಿಗೆಯಲ್ಲಿದ್ದವು. ಒಂದನ್ನು ತೆಗೆದು ಸೆರಗಿನ ಕಡೆಯಿಂದ ಹರಿದ.

ದೋಣಿ ಆಯಿತು. ಅದನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಆ ತೀರದಲ್ಲಿ ಬೆಳಿಗ್ಗೆ ಗಾಳಿ ಗಟ್ಟದ ಕಡೆಯಿಂದ ಕಡಲಿಗೆ ಬೀಸುತ್ತದೆ. ಮಧ್ಯಾಹ್ನದ ಮೇಲೆ ಕಡಲಿನಿಂದ ಗಟ್ಟಕ್ಕೆ ಬೀಸುತ್ತದೆ. ಒಂದು ಬೆಳಿಗ್ಗೆ ಬಡಗಿ ಮನೆಯ ಮುಂದಿನ ಕಲ್ಲಿನ ಮೇಲೆ ಕೂತು, ಹಾಯಿಯನ್ನು ಗಾಳಿಗೆ ಅಡ್ಡ ಕಟ್ಟಿ, ಚುಕ್ಕಾಣಿ ಅಲುಗದಂತೆ ಬೆಣೆ ಬಡಿದು, ದೋಣಿಯನ್ನು ನೀರಿಗೆ ಬಿಟ್ಟ. ಹೋಗಲಿ ಎಂದೇ ಬಿಟ್ಟ. ಅದು ಪಡುವಣಕ್ಕೆ ನೆಟ್ಟಗೆ ಹೋಗಿ, ಚುಕ್ಕೆಯಾಗಿ, ಕೇದಗೆಯ ಹಸಿರಿನಲ್ಲಿ ಕಾಣದಾಯಿತು. ಅವನು ಒಳಗೆ ಹೋಗಿ ಗಂಜಿ ಮಾಡಿಕೊಂಡು ಉಂಡ.

ಸಂಜೆ ನಾಲ್ಕು ಗಂಟೆಯ ಹೊತ್ತಿಗೆ ಕೈ ತೊಳೆಯಲು ಹೊಳೆಗೆ ಬಂದರೆ, ದೋಣಿ ಅದೇ ಕಲ್ಲಿಗೆ ಮೂತಿ ತಾಗಿಸಿಕೊಂಡು ನಿಂತಿತ್ತು.

ಅವನು ಬೆರಗಾದ. ದೋಣಿಯನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದ. ಅಡಿಮರದ ಹಿಂತುದಿಯಲ್ಲಿ ಉಳಿ ತಪ್ಪಿ ಒಂದು ಮೊನೆ ಉಳಿದುಬಿಟ್ಟಿತ್ತು. ಕೆತ್ತಿ ತೆಗೆಯಲು ಮರೆತಿದ್ದ. ಅದನ್ನು ನೋಡಿದ ಕೂಡಲೇ ಅವನಿಗೆ ಎಲ್ಲ ಹೊಳೆಯಿತು. ದೋಣಿ ಆಚೆ ದಡದ ಹತ್ತಿರ ಹೋದಾಗ ನೀರು ಆಳವಿಲ್ಲದೆ ಈ ಮೊನೆ ಮರಳಿಗೆ ಊರಿರಬೇಕು. ಮಧ್ಯಾಹ್ನ ಗಾಳಿ ತಿರುಗಿದಾಗ ಹಾಯಿಗೆ ಬಡಿದಿರಬೇಕು. ಬೀಸುವ ಕಲ್ಲು ಗೂಟದ ಮೇಲೆ ತಿರುಗುವಂತೆ ದೋಣಿ ಆ ಮೊನೆಯ ಮೇಲೆ ತಿರುಗಿ, ಮೂತಿ ಈ ಕಡೆಗೆ ಮಾಡಿ ಬಂದಿರಬೇಕು. ಕಾರಣ ಹುಡುಕಲು ಅವನಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ಮರದ ಕೆಲಸದಲ್ಲಿ ಮೂವತ್ತು ವರ್ಷ ಕಳೆದವನು.

ಶಿಷ್ಯ ನಡುವೆ ಕೇಳಿದ. "ದೋಣಿ ಹಾಗೆ ತನ್ನಷ್ಟಕ್ಕೆ ತಿರುಗುತ್ತದೆಯೇ, ಗುರುಗಳೇ?"

"ನಿನಗೆ ಏನನ್ನಿಸುತ್ತದೆ?"

"ತಿರುಗಲಾರದು ಅನ್ನಿಸುತ್ತದೆ."

"ಬೇರೆಯವರ ದೋಣಿಯ ವಿಷಯದಲ್ಲಿ ಹಾಗೆ ಬೇಗ ಅನ್ನಿಸುತ್ತದೆ," ಎಂದು ಗುರುಗಳು ಮುಂದುವರಿಸಿದರು.

ಮರುದಿನ ಬಿಟ್ಟ. ಬಂತು. ಅದರ ಮರುದಿನ ಬಿಟ್ಟ. ಬಂತು. ಒಂದೊಂದು ದಿನ ಕಲ್ಲಿಗಿಂತ ಸ್ವಲ್ಪ ಬಡಗಕ್ಕೆ, ಒಂದೊಂದು ದಿನ ತೆಂಕಕ್ಕೆ ಬರುತ್ತಿತ್ತು. ಆದರೆ ಬರುತ್ತಿತ್ತು. ಮಳೆಗಾಲದ ನಾಲ್ಕು ತಿಂಗಳು ಹೊಳೆ ಕೆಂಪಾಗಿ ಓಡುತ್ತದೆ. ಆಗ ಬಿಡುತ್ತಿರಲಿಲ್ಲ. ನೀರು ತಿಳಿಯಾದ ಮೇಲೆ ಮತ್ತೆ ಬಿಡುತ್ತಿದ್ದ. ವರ್ಷಕ್ಕೊಂದು ಹೊಸ ಹಾಯಿ ಬೇಕಾಗುತ್ತಿತ್ತು. ಪ್ರತಿ ವರ್ಷ ಇನ್ನೊಂದು ಸೀರೆ ತೆಗೆಯುತ್ತಿದ್ದ. ಹಳೆಯ ಹಾಯಿಯನ್ನು ಮಡಿಸಿ ಅದೇ ಪೆಟ್ಟಿಗೆಯಲ್ಲಿಡುತ್ತಿದ್ದ. ಮೂರು ವರ್ಷಕ್ಕೊಮ್ಮೆ ದೋಣಿಯನ್ನೇ ಹೊಸದಾಗಿ ಮಾಡುತ್ತಿದ್ದ. ಆ ಮೊನೆಯನ್ನು ಈಗ ಬೇಕೆಂದೇ, ಇನ್ನಷ್ಟು ಉದ್ದಕ್ಕೆ ಬಿಡುತ್ತಿದ್ದ.

ಹೀಗೆ ಒಂಬತ್ತು ವರ್ಷ ಕಳೆಯಿತು. ದಿನವೂ ಅವನ ಮನೆಗೆ ಬರುತ್ತಿದ್ದದ್ದು ಆ ದೋಣಿ ಒಂದೇ. ಮೂರು ಗಂಟೆಯಾದರೆ ಅವನು ಕಲ್ಲಿನ ಮೇಲೆ ಹೋಗಿ ಕೂರುತ್ತಿದ್ದ. ಕಣ್ಣಿಗೆ ಕೈ ಅಡ್ಡ ಹಿಡಿದು ನೀರಿನ ಹೊಳಪಿನೊಳಗೆ ಹುಡುಕುತ್ತಿದ್ದ. ಹಾಯಿ ಕಂಡಿತೆಂದರೆ ಆ ದಿನ ಆಯಿತು. ಎದ್ದು ಒಲೆ ಹಚ್ಚುತ್ತಿದ್ದ.

ಊರಿನವರು ಮೊದಮೊದಲು ನೋಡಲು ಬಂದರು. ಅವನು ಮೊನೆಯ ವಿಷಯ ಹೇಳಿದ. ಎರಡನೆಯ ಸಲವೂ ಅದನ್ನೇ ಹೇಳಿದ. ಆಮೇಲೆ ಅವರು ಬರುವುದು ಕಡಿಮೆ ಮಾಡಿದರು. ಅರ್ಧ ಗಂಟೆ ತೆಂಕಕ್ಕೆ ನಡೆದರೆ ಜನರನ್ನು ದಾಟಿಸುವ ಅಂಬಿಗನೊಬ್ಬ ಇದ್ದ. ಅಂಗಡಿಯಲ್ಲಿ ಸಿಕ್ಕಿದಾಗ ಅವನು ಮಾತ್ರ ಮಾತಾಡಿಸುತ್ತಿದ್ದ.

"ಏನು ಆಚಾರ್ರೇ, ನಿಮ್ಮ ದೋಣಿಗೆ ಆಚೆ ದಡದಲ್ಲಿ ನೆಂಟಸ್ತಿಕೆ ಉಂಟೋ ಹೇಗೆ? ದಿನಾ ಹೋಗುತ್ತದೆ, ಉಂಡು ಬರುತ್ತದೆ!"

ಬಡಗಿಗೆ ಇದು ಕುಚೋದ್ಯ ಎನಿಸಿತು. "ನೆಂಟಸ್ತಿಕೆಯಲ್ಲ ಮಾರಾಯ, ಅಳತೆ. ಅಡಿಮರದ ಅಳತೆ. ನಿನ್ನ ದೋಣಿಗೆ ಅದು ಬೇಡ. ಅದನ್ನು ನೂಕಲು ನೀನಿದ್ದೀಯಲ್ಲ."

"ಸರಿ, ಸರಿ. ನಮ್ಮದು ನೂಕಿದರೆ ಮಾತ್ರ ಹೋಗುವ ಜಾತಿ," ಎಂದು ಅಂಬಿಗ ನಕ್ಕು ಹೋದ.

ಹತ್ತನೆಯ ವರ್ಷ, ಮಾಘ ಮಾಸದ ಒಂದು ದಿನ, ದೋಣಿ ಬರಲಿಲ್ಲ.

ಬಡಗಿ ಕತ್ತಲಾಗುವವರೆಗೆ ಕಲ್ಲಿನ ಮೇಲೆ ಕೂತಿದ್ದ. ಮರುದಿನ ದಡದುದ್ದಕ್ಕೂ ಹುಡುಕಿದ. ಮೂರು ದಿನ ಕಾದ. ಆಮೇಲೆ ಇನ್ನೊಂದು ಮಾಡಿದ. ಈ ಸಲ ಮೊನೆ ಸಣ್ಣದಾಗಿತ್ತೇನೋ ಎಂದುಕೊಂಡು ಅದನ್ನು ಬೆರಳುದ್ದ ಬಿಟ್ಟ. ಆ ದೋಣಿಯೂ ಹೋಯಿತು, ಬರಲಿಲ್ಲ. ಸೀಸ ಹೆಚ್ಚಾಯಿತೇನೋ ಎಂದು ಕಡಿಮೆ ಹೊಯ್ದು ಮತ್ತೊಂದು ಮಾಡಿದ. ಅದೂ ಬರಲಿಲ್ಲ. ಹಾಲೆಮರ ಮುಗಿದಿತ್ತು. ಮನೆಯ ಅಟ್ಟದ ಹಲಗೆ ಕಿತ್ತು ಮೂರನೆಯದನ್ನು ಮಾಡಿದ. ಊಟ ಒಂದು ಹೊತ್ತಿಗೆ ಇಳಿಯಿತು. ಉಳಿ ಎರಡು ಸಲ ಹೆಬ್ಬೆರಳಿಗೆ ತಾಗಿತು. ಮೂರನೆಯದೂ ಹೋದ ದಾರಿಯಲ್ಲೇ ಉಳಿಯಿತು.

ತನ್ನ ಕೈ ಕೆಟ್ಟಿತು ಎಂದು ಅವನು ತಿಳಿದ. ಒಂಬತ್ತು ವರ್ಷ ಬಂದದ್ದು ಈಗ ಬರುವುದಿಲ್ಲವೆಂದರೆ ಮಾಡುವವನ ಕೈಯಲ್ಲೇ ಏನೋ ತಪ್ಪುತ್ತಿದೆ. ಗಾಳಿ ಅದೇ, ಹೊಳೆ ಅದೇ. ಹೆಂಡತಿ ಹೋಗಿದ್ದಳು, ಕೆಲಸ ಹೋಗಿತ್ತು, ಕೈ ಉಳಿದಿದೆ ಎಂದುಕೊಂಡಿದ್ದ. ಈಗ ಅದೂ ಹೋಯಿತು.

ಇನ್ನೊಂದೇ ಒಂದು ಮಾಡೋಣ, ಹಳೆಯ ಅಳತೆಯನ್ನೇ ಕೂದಲೆಳೆಯಷ್ಟೂ ತಪ್ಪದೆ ಹಿಡಿಯೋಣ ಎಂದು ಪೆಟ್ಟಿಗೆ ತೆರೆದ. ಹಳೆಯ ಹಾಯಿಗಳನ್ನು ತೆಗೆದು, ಅಳೆಯುವುದಕ್ಕಾಗಿ ಅಂಗಳದ ಬಿಸಿಲಿನಲ್ಲಿ ಒಂದೊಂದಾಗಿ ಹರಡಿದ. ಹಿಂದೆ ಅವನ್ನು ಬಿಚ್ಚಿ ಮಡಿಸಿ ಇಡುವಾಗ ಅವನ ಕಣ್ಣಿಗೆ ಕಂಡದ್ದು ಸೀರೆ. ಈಗ ಹಾಯಿ ಕಂಡಿತು.

ನಾಲ್ಕನೆಯ ವರ್ಷದ ಹಾಯಿಯ ಮೂಲೆಯಲ್ಲಿ ಒಂದು ಹೊಲಿಗೆ ಇತ್ತು. ಎರಡು ಬೆರಳಗಲ ಹರಿದದ್ದನ್ನು ಸೇರಿಸಿ ಹೊಲಿದದ್ದು. ದಾರ ಅವನದಲ್ಲ. ಅದು ಬಲೆಯ ದಾರ. ಪ್ರತಿ ಹೊಲಿಗೆಗೂ ಒಂದೊಂದು ಗಂಟು, ಬಲೆಯ ಕಣ್ಣಿಗೆ ಹಾಕುವಂಥ ಗಂಟು. ಅವನಿಗೆ ಆ ಗಂಟು ಹಾಕಲು ಬರುವುದಿಲ್ಲ.

ಐದನೆಯ ವರ್ಷದ ಹಾಯಿಯಲ್ಲಿ ಅಂಥವು ಮೂರು ಇದ್ದವು. ಏಳನೆಯದರಲ್ಲಿ ಅಂಚಿನುದ್ದಕ್ಕೂ ಇತ್ತು.

ಬಡಗಿ ಹಾಯಿಗಳ ನಡುವೆ ಕೂತ. ಬಿಸಿಲು ಹೋಗುವವರೆಗೆ ಏಳಲಿಲ್ಲ.

ಮರುದಿನ ಬೆಳಿಗ್ಗೆ ಅರ್ಧ ಗಂಟೆ ನಡೆದು ಅಂಬಿಗನ ದೋಣಿ ಹತ್ತಿದ. ಅಂಬಿಗ ಎಂದಿನಂತೆ ನಗಲಿಲ್ಲ.

"ಬಂದಿರಾ ಆಚಾರ್ರೇ. ಒಳ್ಳೆಯದಾಯಿತು. ಆದರೆ ತಡ ಮಾಡಿದಿರಿ ನೀವು. ಹದಿಮೂರನೆಯ ದಿನದ ಊಟಕ್ಕಾದರೂ ಬರುತ್ತೀರೆಂದು ಆ ಅಮ್ಮ ದಾರಿ ನೋಡಿದಳು."

"ಯಾರ ಹದಿಮೂರನೆಯ ದಿನ?"

"ಯಾರದು ಅಂದರೆ? ಬಲೆ ಹೆಣೆಯುವವರದು."

"ಯಾವ ಬಲೆ ಹೆಣೆಯುವವರು?"

ಅಂಬಿಗ ಊರುತ್ತಿದ್ದ ಗಳವನ್ನು ನೀರಿನಲ್ಲೇ ನಿಲ್ಲಿಸಿದ. ಬಡಗಿಯ ಮುಖ ನೋಡಿದ. ತಮಾಷೆಯಲ್ಲ ಎಂದು ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ನೀವಿಬ್ಬರೂ ಗೆಳೆಯರೆಂದು ನಾನು ತಿಳಿದಿದ್ದೆ," ಎಂದ. ಆಮೇಲೆ ಆಚೆ ದಡ ಮುಟ್ಟಿಸಿ, ಬಡಗಕ್ಕೆ ಹೋಗುವ ಮರಳಿನ ದಾರಿ ತೋರಿಸಿದ.

ಅರ್ಧ ಗಂಟೆ ನಡೆದರೆ, ಕೇದಗೆಯ ಪೊದೆಯ ಹಿಂದೆ ಒಂದು ಗುಡಿಸಲು ಇತ್ತು. ವಯಸ್ಸಾದ ಹೆಂಗಸೊಬ್ಬಳು ಅಂಗಳದಲ್ಲಿ ಮೀನು ಒಣಹಾಕುತ್ತಿದ್ದಳು. ಸತ್ತವನ ತಂಗಿ ಅವಳು. ಬಡಗಿಯನ್ನು ನೋಡಿ, ಅವನ ಕೈ ನೋಡಿ, ಹೆಬ್ಬೆರಳಿಗೆ ಸುತ್ತಿದ ಬಟ್ಟೆ ನೋಡಿದಳು.

"ಆಚೆ ದಡದ ಆಚಾರ್ರು ನೀವೇ ಅಲ್ಲವಾ?" ಎಂದಳು.

ಅವಳು ಚಾಪೆ ಹಾಕಿದಳು, ಬೆಲ್ಲ ನೀರು ತಂದಿಟ್ಟಳು. ಕೇಳದೆಯೇ ಹೇಳಿದಳು. ಅವಳ ಅಣ್ಣ ಮೊದಲು ಮಂಜಿಯಲ್ಲಿ ಹಾಯಿ ಕಟ್ಟುವ ಕೆಲಸದಲ್ಲಿದ್ದವನು. ಕೂವೆಮರದಿಂದ ಬಿದ್ದು ಸೊಂಟ ಮುರಿದುಕೊಂಡ. ಆಮೇಲೆ ನಡೆಯಲು ಆಗಲಿಲ್ಲ. ಬೆಳಿಗ್ಗೆ ತೆವಳಿಕೊಂಡು ಹೋಗಿ ನೀರಿನ ಬದಿಯಲ್ಲಿ, ಕೇದಗೆಯ ನೆರಳಿನಲ್ಲಿ ಕೂತರೆ, ಸಂಜೆಯವರೆಗೆ ಊರವರ ಬಲೆ ಹೆಣೆಯುತ್ತಿದ್ದ.

"ಮೊದಲನೆಯ ದಿನ ನಿಮ್ಮ ದೋಣಿ ಬಂತು ನೋಡಿ, ಅಣ್ಣ ಅದನ್ನು ಕೊಕ್ಕೆ ಕಟ್ಟಿದ ದೋಟಿಯಲ್ಲಿ ಎಳೆದುಕೊಂಡು ಮಡಿಲಲ್ಲಿ ಇಟ್ಟುಕೊಂಡರು. ಬಹಳ ಹೊತ್ತು ನೋಡಿದರು. ಇದರ ಹಾಯಿ ಕಟ್ಟಿದವನು ಕೆಲಸ ಗೊತ್ತಿದ್ದವನು ಅಂದರು. ಕಡಲ ಗಾಳಿ ಏಳುವವರೆಗೆ ಕಾದು, ಮೂತಿ ತಿರುಗಿಸಿ, ಹಾಯಿ ಸರಿಮಾಡಿ ಬಿಟ್ಟರು. ಮರುದಿನ ಮತ್ತೆ ಬಂತಲ್ಲ, ಆಗ ಅವರ ಮುಖ ನೀವು ನೋಡಬೇಕಿತ್ತು. ಏ, ಅವನಿಗೆ ತಲುಪಿದೆ ಕಣೇ, ಮತ್ತೆ ಕಳಿಸಿದ್ದಾನೆ ಎಂದು ಕೂಗಿದರು. ನಾನು ಒಲೆ ಬಿಟ್ಟು ಓಡಿ ಬಂದೆ. ದೋಣಿ ದೂರ ಹೋಗಿ ತಾಗಿದ ದಿನ ನಾನೇ ಹೋಗಿ ತಂದುಕೊಡುತ್ತಿದ್ದೆ. ಹಾಯಿ ಸೀರೆ ಬಟ್ಟೆಯದು ಎಂದು ನಾನು ಹೇಳಿದೆ. ಅಂದಿನಿಂದ ಹರಿದದ್ದನ್ನು ಹಾಗೆ ಕಳಿಸಲಿಲ್ಲ ಅವರು."

ಅವಳು ಬೆಲ್ಲ ನೀರನ್ನು ಬಡಗಿಯ ಹತ್ತಿರಕ್ಕೆ ಸರಿಸಿದಳು.

"ಒಮ್ಮೆ ದಾಟಿ ಬರಲು ಆಚಾರ್ರಿಗೆ ಹೇಳಿ ಕಳಿಸೋಣವಾ, ಅಂಬಿಗ ಇದ್ದಾನಲ್ಲ ಅಂದೆ ನಾನು. ಬೇಡ, ದಿನಾ ಬರುತ್ತಾನಲ್ಲ ಅಂದರು. ಮಳೆಗಾಲ ಮಾತ್ರ ಅವರಿಗೆ ಬಹಳ ಉದ್ದವಾಗುತ್ತಿತ್ತು."

ಅವಳು ದನಿ ಇಳಿಸಿ ಹೇಳಿದಳು.

"ಬೇಜಾರು ಮಾಡಬೇಡಿ. ಒಂದು ದೋಣಿ ನಾನು ಕಳೆದೆ. ಅಣ್ಣ ಹೋದದ್ದು ಬೆಳಿಗ್ಗೆ. ಜನ ಸೇರಿದ್ದರು. ಅಷ್ಟರಲ್ಲಿ ನಿಮ್ಮ ದೋಣಿ ಬಂತು. ಅಳುತ್ತಾ ಕೂತವಳಿಗೆ ಅದನ್ನು ಹಾಗೆಯೇ ಬಿಡಲು ಮನಸ್ಸಾಗಲಿಲ್ಲ. ಗಾಳಿ ಎದ್ದ ಮೇಲೆ ಹೋಗಿ ತಿರುಗಿಸಿ ಬಿಟ್ಟೆ. ನನಗೆ ಹಾಯಿ ಕಟ್ಟಲು ಬರುವುದಿಲ್ಲ. ಅದು ಓರೆಯಾಗಿ ತೆಂಕಕ್ಕೆ ಹೋಗಿ ಅಳಿವೆ ದಾಟಿತು. ಆಮೇಲೆ ಬಂದ ಮೂರನ್ನು ಬಿಡಲು ಹೆದರಿಕೆಯಾಯಿತು. ಒಳಗೆ ಎತ್ತಿಟ್ಟಿದ್ದೇನೆ."

ಒಳಗೆ ಹೋಗಿ ಮೂರು ದೋಣಿಗಳನ್ನೂ ತಂದು ಅವನ ಮುಂದೆ ಸಾಲಾಗಿ ಇಟ್ಟಳು. ಒಂದನ್ನು ಬೋರಲು ಮಾಡಿ ಅಡಿಮರದ ಮೊನೆಯ ಮೇಲೆ ಬೆರಳಿಟ್ಟಳು.

"ಇದೊಂದು ಮಾತ್ರ ಅಣ್ಣನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಇದು ಮರಳಿನಲ್ಲಿ ಸಿಕ್ಕಿಕೊಂಡು ಬಿಡಿಸುವುದೇ ಕಷ್ಟವಾಗುತ್ತಿತ್ತು. ವರ್ಷ ಹೋದ ಹಾಗೆ ಉದ್ದವಾಗುತ್ತಲೂ ಇತ್ತು. ಆದರೂ ಅವನು ಕೆಲಸ ಗೊತ್ತಿದ್ದವನು, ಏನೋ ಕಾರಣ ಇರಬೇಕು, ಸಿಕ್ಕಿದರೆ ಕೇಳಬೇಕು ಅನ್ನುತ್ತಿದ್ದರು. ಅದು ಯಾತಕ್ಕೆ, ಆಚಾರ್ರೇ?"

ಬಡಗಿ ಆ ದೋಣಿಯನ್ನು ಮತ್ತೆ ನೆಟ್ಟಗೆ ಮಾಡಿ ಇಟ್ಟ. ಅವಳು ಅವನ ಮುಖ ನೋಡಿ, ಮೀನು ತಿರುಗಿಸಿ ಹಾಕಲು ಎದ್ದು ಹೋದಳು.

ಮಧ್ಯಾಹ್ನವಾಯಿತು. ಕಡಲ ಗಾಳಿ ಎದ್ದಿತು. ಬಡಗಿ ಒಂದು ದೋಣಿ ಎತ್ತಿಕೊಂಡು ಕೇದಗೆಯ ನೆರಳಿಗೆ ಹೋದ. ಅಲ್ಲಿ ಮರಳು ಒಬ್ಬ ಮನುಷ್ಯ ಕೂರುವಷ್ಟು ತಗ್ಗಾಗಿತ್ತು. ಪಕ್ಕದಲ್ಲಿ ದೋಟಿ ಬಿದ್ದಿತ್ತು. ಅವನು ಆ ತಗ್ಗಿನಲ್ಲಿ ಕೂತು ಆಚೆ ದಡದ ಕಡೆ ನೋಡಿದ.

ಸೂರ್ಯ ಬೆನ್ನ ಹಿಂದೆ ಇದ್ದ. ನೀರು ಇಲ್ಲಿಂದ ಕಣ್ಣು ಕುಕ್ಕುತ್ತಿರಲಿಲ್ಲ. ಆಚೆ ದಡದಲ್ಲಿ ತನ್ನ ಮನೆ ಕಂಡಿತು. ಬಾಗಿಲು ಕಂಡಿತು. ತಾನು ದಿನಾ ಕೂರುವ ಕಲ್ಲು, ಬಿಸಿಲು ನೇರವಾಗಿ ಬಿದ್ದು, ಬಿಳಿಯಾಗಿ ಕಂಡಿತು. ಅಲ್ಲಿ ಒಬ್ಬ ಮನುಷ್ಯ ಕೂತಿದ್ದರೆ, ಎದ್ದರೆ, ಕಣ್ಣಿಗೆ ಕೈ ಅಡ್ಡ ಹಿಡಿದರೆ ಇಲ್ಲಿಗೆ ಕಾಣುತ್ತಿತ್ತು.

ಬಡಗಿ ಹಾಯಿಯನ್ನು ಗಾಳಿಗೆ ಅಡ್ಡ ಕಟ್ಟಿದ. ಚುಕ್ಕಾಣಿಯ ಬೆಣೆ ನೋಡಿದ. ಮೂತಿಯನ್ನು ಮೂಡಣಕ್ಕೆ ತಿರುಗಿಸಿ ದೋಣಿಯನ್ನು ಬಿಟ್ಟ. ಅದು ನೆಟ್ಟಗೆ ಹೋಯಿತು. ಅವನ ಕೈ ಕೆಟ್ಟಿರಲಿಲ್ಲ. ಹೊಳೆಯ ನಡು ದಾಟಿತು. ಆ ದಡ ಸೇರಿತು. ಕಲ್ಲಿನ ಬಳಿ ಹೋಗಿ ನಿಂತಿತು.

ಎತ್ತಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಅವನು ನೋಡುತ್ತಾ ಕೂತ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಅಂಗಳದ ಬಿಸಿಲು ಕಟ್ಟೆಯಿಂದ ಇಳಿದಿತ್ತು. ಶಿಷ್ಯ ಎದ್ದು ನಿಂತ. ಬಾಗಿಲ ಹೊರಗಿನ ಗಂಟಿನ ಕಡೆ ನೋಡಿದ.

"ಕತೆ ಚೆನ್ನಾಗಿದೆ, ಗುರುಗಳೇ. ಪಾಪ, ಅವನಿಗೆ ಒಬ್ಬನಿದ್ದ. ತಡವಾಗಿಯಾದರೂ ತಿಳಿಯಿತು. ನನಗೆ ಹಾಗೆ ಆಚೆ ದಡದಲ್ಲಿ ಯಾರೂ ಇಲ್ಲ. ಬಿಸಿಲು ಇಳಿಯಿತು. ಹೋಗಿ ಬರಲೇ?"

ಗುರುಗಳು ತೋಟದ ಕಡೆ ನೋಡುತ್ತಾ ಕೇಳಿದರು.

"ನೀನು ಜ್ವರದಲ್ಲಿ ಮಲಗಿದ್ದ ಆ ಮೂರು ದಿನ, ಇಲ್ಲಿ ಮಳೆ ಬಂದಿತ್ತೇ?"